ಅಕ್ಕ ಬಳಿದ ಗೋಡೆ

ನೆನೆದ ಗೋಣಿತಟ್ಟಿನ ವಾಸನೆ ಬಂದರೆ ಈಗಲೂ ನನಗೆ ಅಕ್ಕನ ಮುಖ ನೋಡಲು ಆಗುವುದಿಲ್ಲ.

ಸುರಪುರದ ಕಡೆ ದೇಸಾಯರ ಹಳೆಯ ವಾಡೆಯ ದುರಸ್ತಿ ನಡೆದಿತ್ತು. ಅಪ್ಪ ಅಲ್ಲಿ ಗೋಡೆ ಕಟ್ಟುವ ಗೌಂಡಿ. ಹೆಣ್ಣುಮಕ್ಕಳಿಗೆ ಯಾರೂ ಕಲಿಸದ ಸುಣ್ಣದ ಗಚ್ಚು ಬಳಿಯುವ ಕೆಲಸವನ್ನು ಅಕ್ಕನಿಗೆ ಕಲಿಸಿ, ಪಡಸಾಲೆಯ ಒಂದು ಗೋಡೆಯನ್ನು ಅವಳಿಗೇ ಬಿಟ್ಟುಕೊಟ್ಟಿದ್ದ. ಅವಳು ಬಳಿದು, ನುಣ್ಣನೆಯ ಕಲ್ಲಿನಿಂದ ತಿಕ್ಕಿ, ಮೇಲೆ ಒದ್ದೆ ತಟ್ಟು ಹೊದಿಸಿದ್ದಳು.

"ಗಚ್ಚು ಹಸಿ ಬಾಣಂತಿ ಇದ್ದಂಗ, ಗಾಳಿ ಬಡೀಬಾರ್ದು. ತಟ್ಟಿಗೆ ನೀರ ಹೊಡೀತಿರ್ರಿ" ಎಂದು ನಮ್ಮಿಬ್ಬರಿಗೂ ಹೇಳಿ ಅಪ್ಪ ಸುಣ್ಣ ಅರೆಯುವ ಗಾಣದ ಕಡೆ ಹೋದ.

ಅಕ್ಕ ಬುತ್ತಿ ತರಲು ಮನೆಗೆ ಹೊರಟಾಗ, "ಒಣಗಾಕ ಬಿಡಬ್ಯಾಡವ್ವ ತಂಗಿ" ಅಂದಳು. ನಾನು ಹೂಂ ಅಂದು, ಪಡಸಾಲೆಯ ತಂಪು ಹಾಸುಗಲ್ಲಿನ ಮೇಲೆ ಮಲಗಿ ನಿದ್ದೆಹೋದೆ.

ಎದ್ದಾಗ ಬಿಸಿಲು ಗೋಡೆಯವರೆಗೆ ಬಂದು, ತಟ್ಟು ಒಣಗಿ ಸೆಟೆದಿತ್ತು. ಗಾಣದಿಂದ ಮರಳಿದ ಅಪ್ಪ ಅದನ್ನು ಎತ್ತಿದ. ಗೋಡೆಯ ತುಂಬ ಕೂದಲೆಳೆಯಂಥ ಬಿರುಕು.

"ಯಾರ ಮ್ಯಾಲ ಬಿಟ್ಟು ಹೋಗಿದ್ದಿ?" ಎಂದು ಆಗಷ್ಟೇ ಬುತ್ತಿ ಹೊತ್ತು ಬಂದ ಅಕ್ಕನನ್ನು ಕೇಳಿದ.

ಅಕ್ಕ ನನ್ನನ್ನು ನೋಡಿದಳು. ನಾನು ಕೆನ್ನೆಗಂಟಿದ ಹಾಸುಗಲ್ಲಿನ ಧೂಳು ಒರೆಸಿಕೊಂಡೆ.

"ನೀರ ಹೊಡ್ಯೂದು ನಾನ ಮರ್ತು ಹೋದೆ, ಅಪ್ಪಾ" ಅಂದಳು ಅಕ್ಕ.

"ನಾಳಿಂದ ಆಳುಗಳ ಜೋಡಿ ಬುಟ್ಟಿ ಹೊರು. ಗಚ್ಚಿನ ಕೆಲಸ ನಿನಗ ಬ್ಯಾಡ" ಅಂದ ಅಪ್ಪ, ಗೋಡೆಯ ಗಚ್ಚನ್ನು ಕೆತ್ತಿ ಕೆಡವತೊಡಗಿದ.

ಅಕ್ಕ ಬುತ್ತಿ ಬಿಚ್ಚಿ ರೊಟ್ಟಿಯನ್ನು ಮೊದಲು ನನ್ನ ಕೈಗಿಟ್ಟಳು. ನಾನು ಉಂಡೆ.