ಅಜಯ್‌ನ ಗಂಟಲು

ಗೋಡೆಯಾಚೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಉಪ್ಪುನೀರು ಮುಕ್ಕಳಿಸಿದ್ದು. ಚೆನ್ನೈಯ ವೆಸ್ಟ್ ಮಾಂಬಲಂನಲ್ಲಿ ಕೊನೆಯ ಲೋಕಲ್ ರೈಲೂ ಹೋಗಿ ಎಷ್ಟೋ ಹೊತ್ತಾಗಿತ್ತು. ನಾಗಮಣಿ ಮೊಬೈಲಿನ ಬೆಳಕನ್ನು ಹೊದಿಕೆಯೊಳಗೆ ಮುಚ್ಚಿಕೊಂಡು ಕಿವಿಗೊಟ್ಟಳು.

ಅಪ್ಪ ಇನ್ನೂ ಗಂಟಲನ್ನು ಕಾಪಾಡಿಕೊಳ್ಳುತ್ತಿದ್ದಾರೆ. ಕಿತ್ತುಕೊಂಡ ಮೈಕು ತಿರುಗಿ ಬರುತ್ತದೆಂದು ನಂಬಿಕೊಂಡು.

ಅವಳು ಅಭಿಮಾನಿಗಳ ಪುಟ ತೆರೆದಳು. ಟೈಪು ಮಾಡಿದಳು. ‘ಈ ಅಜಯ್ ಮಾತಿನಲ್ಲಿ ಜೀವವೇ ಇಲ್ಲ. ಖಾಲಿ ಕುಕ್ಕರ್ ಕೂಗಿದ ಹಾಗಿದೆ. ನಮ್ಮ ಕ್ಯಾಪ್ಟನ್‌ನ ಗಂಟಲು ನಮಗೆ ವಾಪಸು ಕೊಡಿ.’ ಕಳಿಸಿದಳು. ಕೆಳಗೆ ಹೆಸರು: ಹಳೇ ನಾವಿಕ.

ಕನ್ನಡಕ್ಕೆ ಡಬ್ ಆದ ‘ತಾರಾಗಾಮಿ’ಯ ಮೂರು ಸಿನಿಮಾಗಳಲ್ಲೂ ಕ್ಯಾಪ್ಟನ್ ವೇಲಾನ್ ಕನ್ನಡ ಮಾತಾಡಿದ್ದು ಅಪ್ಪನ ಬಾಯಲ್ಲಿ. ರೈಲ್ವೆ ಕೆಲಸದ ನಡುವೆಯೇ ವಡಪಳನಿಯ ಸ್ಟುಡಿಯೊಗೆ ಓಡಿ ಅಪ್ಪ ಬದರಿನಾಥ ಆ ಪಾತ್ರ ಕಟ್ಟಿದ್ದರು. ಈ ವರ್ಷ ಬಂದ ನಾಲ್ಕನೆಯ ಸಿನಿಮಾ ಕಥೆಯನ್ನು ಹಿಂದಕ್ಕೆ ಒಯ್ದಿತು. ವೇಲಾನ್ ಇನ್ನೂ ಇಪ್ಪತ್ತರ ಹುಡುಗ. ಹೊಸ ಮುಖ, ಹೊಸ ದನಿ. ಪೋಸ್ಟರಿನ ಮೂಲೆಯಲ್ಲಿ ಒಂದೇ ಹೆಸರು, ಅಜಯ್.

ಅಭಿಮಾನಿಗಳು ಮೊದಲೇ ಕೆರಳಿದ್ದರು. ‘ಶತ್ರುಗಳಿಂದ ಕಸಿದುಕೊಂಡ ನೌಕೆ ಅಂತ ಮೂರು ಸಿನಿಮಾ ಹೇಳಿ, ಈಗ ಮಾವ ಕೊಟ್ಟಿದ್ದು ಅಂತೀರಲ್ಲ, ಅದೇನು ಮದುವೆ ಸ್ಕೂಟರಾ?’ ಎಂದು ಹಾಸನದವನೊಬ್ಬ ಬರೆದಿದ್ದ. ‘ನಮ್ಮ ಕ್ಯಾಪ್ಟನ್ ಯುದ್ಧ ಬಿಟ್ಟು ಓಡೋನಾ? ಥೂ’ ಎಂದು ಮತ್ತೊಬ್ಬ. ಹೀಗೆ ಚೆಲ್ಲಾಪಿಲ್ಲಿಯಾಗಿದ್ದ ಸಿಟ್ಟಿಗೆ ಒಂದು ಗುರಿ ತೋರಿಸಿಕೊಟ್ಟದ್ದು ಹಳೇ ನಾವಿಕ. ‘ಅಜಯ್ ಬೇಡ’ ಎಂಬ ಕೂಗು ಅವಳದೇ. ಆ ಹುಡುಗನ ಒಂದು ಫೋಟೊ ಇಲ್ಲ, ಸಂದರ್ಶನ ಇಲ್ಲ. ‘ಮುಖ ತೋರಿಸೋಕೂ ನಾಚಿಕೆ’ ಎಂದು ಅವಳೇ ಚುಚ್ಚಿದ್ದಳು. ಸಾವಿರಾರು ಜನ ಅದನ್ನು ಹಂಚಿದರು.

ಚೆನ್ನೈಯಲ್ಲಿ ಕನ್ನಡದ ಆಟ ಇರಲಿಲ್ಲ. ಮೈಸೂರಿನವರು ಥಿಯೇಟರಿನಲ್ಲಿ ಕದ್ದು ಹಿಡಿದ ತುಣುಕುಗಳಲ್ಲಿ ಶಿಳ್ಳೆಗಳ ನಡುವೆ ಕೇಳಿದ್ದಷ್ಟೇ ಅವಳಿಗೆ ಗೊತ್ತಿದ್ದದ್ದು. ಅಷ್ಟು ಸಾಕಾಗಿತ್ತು. ಮುಂದಿನ ಎರಡು ಭಾಗಗಳಿಗೆ ದನಿ ಯಾರದೆಂದು ಕಂಪನಿ ಇನ್ನೂ ತೀರ್ಮಾನಿಸಿರಲಿಲ್ಲ. ಅಜಯ್ ಉರುಳಿದರೆ ಅಪ್ಪನನ್ನು ಕರೆಯದೆ ಗತಿಯಿಲ್ಲ.

ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಕೂತಿದ್ದರು. ಈ ಸುಡುಬೇಸಗೆಯಲ್ಲೂ ಮೊಸರು ಮುಟ್ಟುತ್ತಿರಲಿಲ್ಲ, ಫ್ರಿಜ್ಜಿನ ನೀರು ಕುಡಿಯುತ್ತಿರಲಿಲ್ಲ. ಸಿನಿಮಾ ಬರುವುದಕ್ಕೆ ಮುಂಚಿನ ತಿಂಗಳು, ಹುಷಾರಿಲ್ಲದ ಗೆಳೆಯ ಮೋನಪ್ಪನನ್ನು ನೋಡಲೆಂದು ದಿನಾ ತಾಂಬರಂಗೆ ಹೋಗಿಬಂದು, ರಾತ್ರಿ ಒಂದು ಮಾತೂ ಆಡಲಾರದಷ್ಟು ಸೋತು ಮಲಗುತ್ತಿದ್ದರು. ಅವಮಾನ ಮನುಷ್ಯನನ್ನು ಹೀಗೆ ಹಿಂಡುತ್ತದೆ ಎಂದು ಅವಳು ಒಳಗೊಳಗೇ ಹಲ್ಲು ಕಡಿದಿದ್ದಳು.

“ಹೇಗಂತೆ ಮಣಿ, ಆ ಹುಡುಗ?”

“ಖಾಲಿ ಕುಕ್ಕರ್ ಕೂಗಿದ ಹಾಗೆ.”

ಅಪ್ಪನ ಲೋಟ ಅರ್ಧದಲ್ಲೇ ನಿಂತಿತು. ಅವಳನ್ನೇ ನೋಡಿದರು, ತುಸು ಹೆಚ್ಚೇ ಹೊತ್ತು.

“ಒಂದು ಕಡೇನೂ ಚೆನ್ನಾಗಿಲ್ವೇನಮ್ಮಾ? ಕೊನೇಲಿ, ಅವನು ತಾಯಿ ಹತ್ರ ಮಾತಾಡೋ ಕಡೆ?”

“ಒಂದು ಕಡೇನೂ ಇಲ್ಲ. ನೀವ್ಯಾಕೆ ಅವನ ಪರ ವಹಿಸ್ತೀರ? ನಿಮ್ಮ ಅನ್ನ ಕಸ್ಕೊಂಡವನು.”

“ಪಾಪ, ಅವನೂ ಕಷ್ಟಪಟ್ಟಿರ್ತಾನೆ.”

“ನಿಮಗೆ ರೋಷ ಅನ್ನೋದೇ ಇಲ್ವಾ ಅಪ್ಪ?”

ಅವರು ನಕ್ಕರು. “ಇರೋದೆಲ್ಲಾ ನಿನಗೇ ಕೊಟ್ಟಿದೀನಲ್ಲ.”

ಆ ವಾರ ಅವಳು ಇನ್ನಷ್ಟು ಖಾರವಾಗಿ ಬರೆದಳು. ವಿಮಾ ಕಚೇರಿಯ ಮೇಜಿನಲ್ಲಿ, ಬಸ್ಸಿನಲ್ಲಿ, ಅನ್ನಕ್ಕಿಟ್ಟು ನಿಂತಲ್ಲೇ. ಒಂದೊಂದು ಪದವನ್ನೂ ತೂಗಿ, ಎಲ್ಲಿ ನಾಟಬೇಕೋ ಅಲ್ಲಿಗೆ ಎಸೆದಳು. ಮುಂದಿನ ಭಾಗ ಬಹಿಷ್ಕರಿಸುತ್ತೇವೆಂದು ಊರೂರಿನವರು ಸಾಲುಗಟ್ಟಿದರು.

ಶುಕ್ರವಾರ ಮಧ್ಯಾಹ್ನ ಟಿ. ನಗರದ ಕಚೇರಿಯಲ್ಲಿ ಮೊಬೈಲು ಮಿನುಗಿತು. ಕಂಪನಿಯ ಪ್ರಕಟಣೆ. ‘ಅಭಿಮಾನಿಗಳ ಭಾವನೆಯನ್ನು ಗೌರವಿಸಿ, ಮುಂದಿನ ಭಾಗಗಳಿಂದ ಅಜಯ್ ಅವರನ್ನು ಕೈಬಿಡಲಾಗಿದೆ.’

ಅವಳು ಎದ್ದೇ ನಿಂತುಬಿಟ್ಟಳು.

“ಎನ್ನ ಮೇಡಂ, ಪ್ರಮೋಷನಾ?” ಪಕ್ಕದ ಮೇಜಿನವಳು ತಮಿಳಿನಲ್ಲಿ ಕೇಳಿದಳು.

“ಅದಕ್ಕಿಂತ ದೊಡ್ಡದು!”

ಅರ್ಧ ದಿನ ರಜೆ ಹಾಕಿದಳು. ಸೀರೆ ಅಂಗಡಿಗಳ ಜಂಗುಳಿಯನ್ನು ಮೊಣಕೈಯಿಂದಲೇ ಸೀಳಿಕೊಂಡು ಹೊರಬಂದಳು. ಅಪ್ಪನಿಗೆ ಇಷ್ಟವಾದ ಹಾಲಿನ ಸಿಹಿ, ಪಾಲ್ಕೋವ ಕೊಂಡಳು. ಆಟೊದಲ್ಲಿ ಕೂತು ಕೊನೆಯ ಏಟು ಹಾಕುವುದನ್ನೂ ಮರೆಯಲಿಲ್ಲ. ‘ತೊಲಗಿದ! ಇನ್ನೆಂದೂ ಮೈಕಿನ ಹತ್ತಿರ ಸುಳಿಯದಿರಲಿ.’

ಮನೆಯ ಬಾಗಿಲು ಓರೆಯಾಗಿತ್ತು. ಒಳಗೆ ಅಪ್ಪ ಬೆನ್ನು ತಿರುಗಿಸಿ ಕೂತು ಫೋನಿನಲ್ಲಿದ್ದರು. “ಹೇಳಿ ಕಮಲಾಕರ” ಎಂದದ್ದು ಕೇಳಿಸಿತು. ಕಮಲಾಕರ ಸ್ಟುಡಿಯೊದಲ್ಲಿ ಡಬ್ಬಿಂಗ್ ನೋಡಿಕೊಳ್ಳುವವನು. ಇಷ್ಟು ಬೇಗ ಕರೆ ಬಂತೇ! ನಾಗಮಣಿ ಚಪ್ಪಲಿ ಕಳಚಿ, ಹೊಸ್ತಿಲಲ್ಲೇ ನಿಂತಳು.

“ಇಲ್ಲ, ಇಲ್ಲ. ನನಗೇನೂ ಬೇಜಾರಿಲ್ಲ. ಬೆಂಗಳೂರಿನಿಂದ ಯಾರನ್ನೋ ಕರೆಸ್ತೀವಿ ಅಂತ ಕಂಪನಿಯವರು ಅಂದ್ರಲ್ಲ, ಕರೆಸ್ಲಿ.” ಅಪ್ಪ ಒಂದು ಗುಟುಕು ಬಿಸಿನೀರು ಕುಡಿದರು. “ಅಯ್ಯೋ, ನಿಜ ಹೇಳಿ ಯಾರ ಬಾಯಿ ಮುಚ್ಚಿಸಬೇಕು ಈಗ?”

ಆ ಕಡೆಯವನು ಏನೋ ಒತ್ತಾಯಿಸುತ್ತಿದ್ದ. ಅಪ್ಪ ದನಿ ತಗ್ಗಿಸಿದರು.

“ಇಪ್ಪತ್ತರ ಹುಡುಗನಿಗೆ ಮುದುಕನ ಗಂಟಲು ಅಂದ್ರೆ ಕೇಳೋಕೆ ಮುಂಚೇನೇ ನಗ್ತಾರೆ ಅಂತ ಸುಳ್ಳು ಹೆಸರು ಹಾಕಿಸಿದ್ದು ನಾನೇ ತಾನೆ ಕಮಲಾಕರ? ಅಜಯ್ ನಾನೇ ಅಂತ ಯಾರಿಗೂ ಹೇಳೋದು ಬೇಡ, ಯಾವತ್ತಿಗೂ ಬೇಡ. ಆ ‘ಹಳೇ ನಾವಿಕ’ ನನ್ನ ಮಗಳು.”