ತಳದ ಬಣ್ಣ

ಬಳೆಗಳು ತಾವಾಗಿಯೇ ಬೆಳಗುವ ಕಾಲವದು. ಬಳೆಯ ಪದರಗಳು ಹೆಚ್ಚಿದ್ದರೆ ಕೆಂಪು, ಕೆಲವನ್ನು ಸುಲಿದರೆ ಹಸಿರು, ಇನ್ನೂ ಸುಲಿದರೆ ನೀಲಿ. ಬಾಗಲಕೋಟೆಯ ಬಳೆಗಾರ್ತಿ ಖತೀಜಾಬಿ ಒಡೆದೀತೆಂಬ ಭಯಕ್ಕೆ ನೀಲಿಗಿಂತ ಕೆಳಗೆ ಎಂದೂ ಇಳಿದವಳಲ್ಲ.

ಒಂದು ಮಧ್ಯಾಹ್ನ ಗೆಳತಿ ಗಂಗವ್ವ ತನ್ನ ಮದುವೆಯ ಬಳೆಯನ್ನು ತಂದು ಅವಳ ಮುಂದಿಟ್ಟಳು. "ಒಂದ ಪದರ ಉಳಿಯೂತನಕ ಸುಲಿ. ತಳದಾಗ ಯಾವ ಬಣ್ಣ ಐತಿ ನೋಡಬೇಕು."

"ಒಡದ್ರ?"

"ಮೂವತ್ತು ವರ್ಷ ಕೆಂಪು ನೋಡೀನಿ. ಸಾಕು."

ಖತೀಜಾಬಿ ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಬ್ಲೇಡು ಆಡಿಸಿದಳು. ಕೆಂಪು ಹೋಯಿತು, ಹಸಿರು ಹೋಯಿತು, ನೀಲಿಯೂ ಹೋಯಿತು. ಒಂದೇ ಪದರ ಉಳಿದಾಗ ಬಳೆ ಹಾಲಿನಂತೆ ಬೆಳ್ಳಗೆ ಬೆಳಗಿತು.

ಆಮೇಲೆ ಖತೀಜಾಬಿ ತನ್ನ ಕೈಯ ಬಳೆಯನ್ನೂ ಮೆಲ್ಲಗೆ ಕಳಚಿದಳು. "ಅಲುಗದಂಗ ಹಿಡಿ ಗಂಗವ್ವ. ನಂದೂ ನೋಡೂಣು."