ಒಂಬತ್ತನೇ ಅಧ್ಯಾಯದ ತೂತು

"ಯಾರು ಮುಚ್ಚಿದ್ದು ಆ ತೂತನ್ನ?" ಬೀದಿಯಲ್ಲಿ ನಿಂತು ಮೂರನೇ ಮಹಡಿಯ ಗೋಡೆಗೆ ಬೆರಳು ತೋರಿಸುತ್ತ ಸಾಹೇಬರು ಕೇಳಿದರು. ಮನೆಗೆ ಕನ್ನ ಬಿದ್ದವರೂ ಅಷ್ಟು ಗಾಬರಿಯಾಗುವುದಿಲ್ಲ; ಇವರಿಗೆ ಕನ್ನ ಮುಚ್ಚಿದ್ದೇ ಗಾಬರಿ. ಪಕ್ಕದ ಕಿಟಕಿಯಿಂದ ಮೇಸ್ತ್ರಿ ಇಣುಕಿದ. ಅವನ ಕೈಯಲ್ಲಿ ಕರಣೆಯಿತ್ತು, ಮೊಣಕೈವರೆಗೂ ಗಾರೆ ಮೆತ್ತಿತ್ತು.

ಸಾಹೇಬರು ಪರದೇಶದ ಯುದ್ಧ ವರದಿಗಾರರು. ಊರಿನಲ್ಲಿ ಯುದ್ಧ ನಡೆದಷ್ಟು ಕಾಲ ಅದೇ ಗೋಡೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಯುದ್ಧ ಮುಗಿದ ಮೇಲೆ ಊರಿನವರು ಇಟ್ಟಿಗೆ ಆರಿಸುತ್ತ ಕೂತರು, ಇವರು ತಮ್ಮ ದೇಶಕ್ಕೆ ಹೋಗಿ ಪುಸ್ತಕ ಬರೆದರು. ಪುಸ್ತಕಕ್ಕೆ ದೊಡ್ಡ ಬಹುಮಾನ ಬಂತು. ಅದರಲ್ಲೂ ಒಂಬತ್ತನೇ ಅಧ್ಯಾಯ ಓದಿ ಕಣ್ಣೊರೆಸಿಕೊಳ್ಳದವರಿಲ್ಲ. ಶೆಲ್ ಬೀಳುತ್ತಿದೆ, ಉಳಿದವರೆಲ್ಲ 'ಬದುಕಿದೆಯಾ ಬಡಜೀವವೇ' ಎಂದು ನೆಲಮಾಳಿಗೆಯಲ್ಲಿ ಮುದುಡಿ ಕೂತಿದ್ದಾರೆ, ಲೇಖಕರೊಬ್ಬರೇ ಮೆಟ್ಟಿಲು ಹತ್ತಿ ಓಡುತ್ತಾರೆ. ಅರ್ಧ ಬರೆದ ವರದಿ ಮೇಲೆ ಟೈಪ್‌ರೈಟರಿನಲ್ಲೇ ಇದೆ. ಗೋಡೆ ಸೀಳಿಕೊಂಡು ಶೆಲ್ ಒಳಗೆ ಬರುತ್ತದೆ. ಧೂಳಿನ ನಡುವಿನಿಂದ ಟೈಪ್‌ರೈಟರನ್ನು ಎದೆಗವಚಿಕೊಂಡು ಲೇಖಕರು ಹೊರಗೆ ಬರುತ್ತಾರೆ. ಸತ್ಯಕ್ಕೆ ಸಾವಿಲ್ಲ ಎಂದು ಅಧ್ಯಾಯ ಮುಗಿಯುತ್ತದೆ.

ಸಾಹೇಬರಿಗೆ ಬಾಡಿಗೆ ಕೊಟ್ಟಿದ್ದ ಮನೆಯೊಡತಿಗೆ ಮಗಳು ಅದನ್ನು ಓದಿ ಹೇಳಿದ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ನಿಮ್ಮಪ್ಪ ಎಲ್ಲಿ?" ಮಗಳು ಹಾಳೆ ತಿರುವಿ ಹುಡುಕಿದಳು. ಅಪ್ಪ ಎರಡನೇ ಅಧ್ಯಾಯದಲ್ಲಿ ಸಿಕ್ಕಿದ. 'ಚಹಾ ಚೆನ್ನಾಗಿ ಮಾಡುತ್ತಿದ್ದ' ಎಂದು ಒಂದು ಸಾಲು. ಅದೇ ದಿನ, ಅದೇ ಕೋಣೆಯಲ್ಲಿ, ಅದೇ ಶೆಲ್ಲಿಗೆ ಅವನು ಸತ್ತದ್ದಕ್ಕೆ ಪುಸ್ತಕದಲ್ಲಿ ಜಾಗ ಸಾಲಲಿಲ್ಲವೇನೋ. ಆಮೇಲೆ ಓದುಗರು ಯಾತ್ರೆಗೆ ಬಂದಂತೆ ಬರತೊಡಗಿದರು. ತೂತಿನಲ್ಲಿ ಕೈಯಿಟ್ಟು ನಿಟ್ಟುಸಿರುಬಿಟ್ಟು, ಫೋಟೋಕ್ಕೆ ಅಡ್ಡ ಬಂದ ಮನೆಯೊಡತಿಗೆ ಸ್ವಲ್ಪ ಆ ಕಡೆ ನಿಲ್ಲಮ್ಮ ಎನ್ನುತ್ತಿದ್ದರು. ಅವಳಿಗೆ ಆ ತೂತು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಆದರೂ ಮುಚ್ಚಿಸಲು ಮನಸ್ಸು ಬಂದಿರಲಿಲ್ಲ. ಗಂಡ ಕೊನೆಗೆ ಕಂಡದ್ದು ಅದನ್ನೇ ಅಲ್ಲವೇ? ಈಗ ಮಗಳು ಕೂಸನ್ನೆತ್ತಿಕೊಂಡು ಇಲ್ಲೇ ಇರಲು ಬರುವವಳಿದ್ದಳು. "ಆ ತೂತು ಇರೋ ರೂಮಲ್ಲಿ ನನ್ನ ಮಗೂನ ಮಲಗಿಸಲ್ಲಮ್ಮ" ಎಂದಿದ್ದಳು. ಅದಕ್ಕೇ ಮನೆಯೊಡತಿ ಗಟ್ಟಿ ಮನಸ್ಸು ಮಾಡಿ ಮೈದುನನನ್ನು ಕರೆಸಿದ್ದಳು. ಮೇಲಿದ್ದ ಮೇಸ್ತ್ರಿ ಅವನೇ.

"ಸ್ವಲ್ಪ ಒಡೆದ್ರೆ ಸಾಕು ಅಕ್ಕ," ಸಾಹೇಬರು ಕೆಳಗಿನ ಬಾಗಿಲಿಗೆ ಬಂದು ಬೆಲ್ಲದಂಥ ದನಿಯಲ್ಲಿ ಹೇಳಿದರು. ಊರಿನ ಭಾಷೆಯನ್ನು ಅವರು ಇದೇ ಮನೆಯಲ್ಲಿ ಉಣ್ಣುತ್ತ ಕಲಿತಿದ್ದರು. "ಪುಸ್ತಕ ಈಗ ಸಿನಿಮಾ ಆಗ್ತಿದೆ. ಚಿತ್ರ ತೆಗೆದ ಮೇಲೆ ನಾವೇ ಮುಚ್ಚಿಸಿಕೊಡ್ತೀವಿ. ಅದು ಬರೀ ತೂತಲ್ಲ, ಇತಿಹಾಸ."

"ಇತಿಹಾಸದಿಂದ ಗಾಳಿ ಹೊಡೆಯುತ್ತೆ ಸಾಹೇಬ್ರೇ. ಮಗೂಗೆ ಶೀತ ಆಗುತ್ತೆ."

"ಎಷ್ಟು ದೊಡ್ಡದು ಬೇಕಂತೆ ಅತ್ತಿಗೆ?" ಮೈದುನ ಮೇಲಿಂದ ಕೂಗಿದ. "ಶೆಲ್ ಮಾಡಿದ್ದಷ್ಟೋ, ಪುಸ್ತಕದಲ್ಲಿ ಇರೋವಷ್ಟೋ?"

ಸಾಹೇಬರ ಜೊತೆ ಕ್ಯಾಮರಾ ಹೊತ್ತು ಬಂದಿದ್ದ ಹುಡುಗಿ ನಕ್ಕು, ಅವರ ಮುಖ ನೋಡಿ ನಗು ನುಂಗಿಕೊಂಡಳು. ಮನೆಯೊಡತಿ ಸೆರಗಿಗೆ ಕೈ ಒರೆಸಿಕೊಂಡಳು.

"ಆಗ್ಲಿ," ಎಂದಳು. "ಒಡೆಸ್ತೀನಿ. ಆದ್ರೆ ಮೊದಲು ಸಾಹೇಬ್ರು ಅವತ್ತು ಓಡಿದ ಹಾಗೆ ಮೆಟ್ಟಿಲು ಹತ್ತಿ ತೋರಿಸ್ಲಿ. ಅವರು ಮೇಲೆ ಹೋಗಿ ಆ ರೂಮಿನ ಹೊಸ್ತಿಲು ದಾಟಿದ ತಕ್ಷಣ ನನ್ನ ಮೈದುನ ಸುತ್ತಿಗೆ ಎತ್ತುತ್ತಾನೆ."

ಹುಡುಗಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಹಾಗೇ ಮಾಡೋಣ ಸಾರ್, ನಾನು ಹಿಂದಿನಿಂದ ತಗೊಳ್ತೀನಿ" ಎಂದು ಕ್ಯಾಮರಾ ಹೆಗಲಿಗೇರಿಸಿದಳು. ಸಾಹೇಬರು ಬೇಡ ಎನ್ನಲು ಬಾಯಿ ತೆರೆದರು. ಸ್ವಂತ ಪುಸ್ತಕಕ್ಕೆ ಬೇಡ ಎನ್ನುವುದು ಹೇಗೆಂದು ತಿಳಿಯದೆ ಮುಚ್ಚಿದರು. ಕೋಟು ಸರಿಮಾಡಿಕೊಂಡು ಗದ್ದ ಎತ್ತಿ ಹತ್ತತೊಡಗಿದರು. ಮೊದಲನೇ ಮಹಡಿಯವರೆಗೆ ಗದ್ದ ಮೇಲೆಯೇ ಇತ್ತು. ಅಲ್ಲಿಂದ ಮುಂದೆ ಕೈ ಕಂಬಿ ಹಿಡಿಯಿತು. ಎರಡನೇ ಮಹಡಿಯ ತಿರುವಿನಲ್ಲಿ, ಮೇಲಿಂದ ಹಸಿ ಗಾರೆಯ ವಾಸನೆ ಮೂಗಿಗೆ ಬಡಿದಲ್ಲಿ, ಅವರು ಮೆಟ್ಟಿಲ ಮೇಲೆ ಕೂತೇಬಿಟ್ಟರು.

"ಮಂಡಿ," ಎಂದರು. "ಮಂಡಿ ನೋವು. ಯಾರಾದ್ರೂ ಮೇಲೆ ಹೋಗಿ ಒಡೆಯೋಕೆ ಹೇಳಿ."

ಕ್ಯಾಮರಾದ ಹಿಂದೆಯೇ ಬಂದಿದ್ದ ಮನೆಯೊಡತಿ ನಾಲ್ಕು ಮೆಟ್ಟಿಲು ಕೆಳಗೆ ನಿಂತಳು. ದನಿ ಏರಿಸಲಿಲ್ಲ.

"ಅವತ್ತೂ ನಿಮಗೆ ಮಂಡಿ ನೋವೇ ಇತ್ತು ಸಾಹೇಬ್ರೇ. ಯಾರಾದ್ರೂ ಮೇಲೆ ಹೋಗಿ ಟೈಪ್‌ರೈಟರ್ ತಂದುಕೊಡಿ ಅಂದ್ರಿ. ನಮ್ಮನೆಯವರು ಹೋದ್ರು. ಆಮೇಲೆ ಅವರ ತೋಳಿಂದ ಅದನ್ನ ಬಿಡಿಸ್ಕೊಳ್ಳೋಕೆ ಇಬ್ಬರು ಬೇಕಾಯ್ತು."

ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಯಾವ ಮಂಡಿ ನೋಯುತ್ತಿತ್ತೆಂಬುದೇ ಮರೆತು ಒಮ್ಮೆ ಎಡಗಡೆಯದನ್ನು, ಒಮ್ಮೆ ಬಲಗಡೆಯದನ್ನು ಒತ್ತಿಕೊಂಡರು. ಹುಡುಗಿ ಕ್ಯಾಮರಾ ಇಳಿಸಲಿಲ್ಲ. ಅದರ ಕೆಂಪು ದೀಪ ಉರಿಯುತ್ತಲೇ ಇತ್ತು.

"ಅತ್ತಿಗೆ, ಒಡೀಲಾ?" ಮೇಲಿಂದ ಮೈದುನನ ದನಿ ಬಂತು.

"ತಡಿಯಪ್ಪ," ಎಂದಳು ಮನೆಯೊಡತಿ. "ಸಾಹೇಬ್ರು ಇನ್ನೂ ಹತ್ತಿಲ್ಲ."